ಕೆಂಪು ದಾಸವಾಳ, ಬಿಳಿಗಣ್ಣಿನ ನೊಣ

ಈ ತಿಂಗಳ ಸಂಚಿಕೆಗೆ ಹಬ್ಬದ ಅಡುಗೆಯ ಬಗ್ಗೆ ಬರೆದುಕೊಡುತ್ತೇನೆ ಎಂದು ಒಪ್ಪಿಕೊಂಡಿದ್ದೆ. ಬರೆಯಲು ಅಡುಗೆಮನೆಯ ಮೇಜಿಗೇ ಕೂತೆ. ಎದುರಿಗೆ ಬಾಳೆಹಣ್ಣಿನ ಬುಟ್ಟಿ, ಅದರ ಮೇಲೆ ಸದ್ದಿಲ್ಲದೆ ಸುತ್ತುವ ಪುಟಾಣಿ ನೊಣಗಳು. ನಮ್ಮಮ್ಮ ಇವನ್ನು ಗುಂಗುರು ಅನ್ನುತ್ತಾರೆ. ಕಾಲೇಜಿನಲ್ಲಿ ನಾವು ಡ್ರೋಸೋಫಿಲಾ ಅನ್ನುತ್ತಿದ್ದೆವು. ಪಾಯಸದ ವಿಷಯ ಮುಂದಿನ ಸಲ ನೋಡೋಣ. ಈ ನೊಣಗಳ ಋಣ ನನ್ನ ಮೇಲೆ ಇದೆ. ನನ್ನ ಮಗನದು ಅದಕ್ಕಿಂತ ಹೆಚ್ಚು ಇದೆ. ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಬರಿ, ಆದರೆ ನನ್ನ ಹೆಸರು ಹಾಕಬೇಡ" ಅಂದಿದ್ದಾನೆ. ಹಾಗಾಗಿ ಇಲ್ಲಿ ಅವನು ಬರೀ ಪುಟ್ಟ.

ನಾಲ್ಕು ವರ್ಷದ ಹಿಂದಿನ ಮಾತು. ಪುಟ್ಟನಿಗೆ ಆಗ ಆರು ವರ್ಷ. ಚಿಕ್ಕ ಮಕ್ಕಳ ಕನ್ನಡ ತರಗತಿಗೆ ಆ ವರ್ಷ ನಾನೇ ಪಾಠ ಮಾಡುತ್ತಿದ್ದೆ. ಬಣ್ಣಗಳ ಪಾಠಕ್ಕೆಂದು ಶ್ರದ್ಧೆಯಿಂದ ಚೌಕಾಕಾರದ ಕಾಗದ ಕತ್ತರಿಸಿ, ರಟ್ಟಿಗೆ ಅಂಟಿಸಿ, ಒಂದು ಕಟ್ಟು ಮಾಡಿಕೊಂಡು ಹೋಗಿದ್ದೆ. ಒಂದೊಂದನ್ನೇ ಎತ್ತಿ ಹಿಡಿದರೆ ಮಕ್ಕಳೆಲ್ಲ ಒಟ್ಟಿಗೆ ಕೂಗುತ್ತಿದ್ದರು. ನನ್ನ ಮಗ ಮಾತ್ರ ಪಕ್ಕದವರ ಬಾಯಿ ನೋಡಿ ಅರ್ಧ ಕ್ಷಣ ತಡವಾಗಿ ಕೂಗುತ್ತಿದ್ದ. ಅವನೊಬ್ಬನನ್ನೇ ನಿಲ್ಲಿಸಿ ಕೇಳಿದೆ. ಹಸಿರು ತೋರಿಸಿದರೆ ಕಂದು ಅಂದ. ನೇರಳೆ ತೋರಿಸಿದರೆ ನೀಲಿ ಅಂದ. ಗುಲಾಬಿ ತೋರಿಸಿದರೆ ಬೂದು ಅಂದ. ಕೊನೆಗೆ ಕಡುಗೆಂಪು ದಾಸವಾಳದ ಚಿತ್ರ ಹಿಡಿದರೆ ತುಂಬ ಯೋಚಿಸಿ "ಹಸಿರು" ಅಂದ. ಮಕ್ಕಳು ನಕ್ಕರು. ಟೀಚರ ಮಗನಿಗೇ ಬರಲಿಲ್ಲವಲ್ಲ ಎಂದು ನನಗೆ ಅವಮಾನ.

ಮನೆಗೆ ಬರುವಾಗ ಕಾರಿನಲ್ಲಿ ಚೆನ್ನಾಗಿ ಬೈದೆ. "ಇಂಗ್ಲಿಷ್‌ನಲ್ಲಾದರೆ ಎಲ್ಲ ಬಣ್ಣವೂ ಗೊತ್ತು, ಕನ್ನಡ ಅಂದ ತಕ್ಷಣ ಯಾಕೋ ಮರೆತುಹೋಗತ್ತೆ? ಮನಸ್ಸಿಟ್ಟು ಕಲಿಯಬೇಕು ಅಂತ ಇಲ್ವಾ?" ಅವನು ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದ. ಮನೆ ಹತ್ತಿರ ಬಂದಾಗ ಮೆಲ್ಲಗೆ ಅಂದ: "ಅಮ್ಮ, ನನಗೆ ಕನ್ನಡ ಬರಲ್ಲ ಅನ್ಸತ್ತೆ." ಆ ಮಾತನ್ನು ನಾನು ಆ ದಿನ ನೆಪ ಎಂದುಕೊಂಡೆ.

ಅದಾದ ಕೆಲವು ವಾರಕ್ಕೆ ಸೇಬಿನ ಕಾಲ ಬಂತು. ಪ್ಲಿಮತ್‌ನಲ್ಲಿ ಇರುವವರಿಗೆ ಹೇಳಬೇಕಿಲ್ಲ, ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಊರಂಚಿನ ತೋಟಗಳಲ್ಲಿ ಮಕ್ಕಳು ಮರಿಗಳೆಲ್ಲ ಚೀಲ ಹಿಡಿದು ಓಡಾಡುತ್ತಿರುತ್ತಾರೆ. ಬಿಸಿ ಡೋನಟ್, ತಣ್ಣನೆಯ ಸೈಡರ್. ಎದುರು ಮನೆಯ ಹುಡುಗಿ ಪುಟ್ಟನಿಗಿಂತ ಒಂದು ವರ್ಷ ಚಿಕ್ಕವಳು. ಅವಳ ಚೀಲ ಹತ್ತು ನಿಮಿಷಕ್ಕೆ ತುಂಬಿತು. ನನ್ನ ಮಗ ಕೆಂಪು ಸೇಬು ಜೋತಾಡುತ್ತಿದ್ದ ಮರದ ಎದುರಿಗೆ ನಿಂತು ಎಲೆಗಳನ್ನು ಒಂದೊಂದಾಗಿ ಕೈಯಿಂದ ಸರಿಸುತ್ತಿದ್ದ. "ಅಮ್ಮಾ, ಈ ಮರದಲ್ಲಿ ಹಣ್ಣು ಎಲ್ಲಿದೆ?"

ನನ್ನ ಎದೆ ಧಸಕ್ಕೆಂದಿತು. ಕೈಯಲ್ಲಿದ್ದ ಸೈಡರ್ ಲೋಟದಲ್ಲಿ ಎರಡು ಹಣ್ಣಿನ ನೊಣ ಬಿದ್ದು ಒದ್ದಾಡುತ್ತಿದ್ದವು. ಇಪ್ಪತ್ತು ವರ್ಷದ ಹಿಂದೆ ಮೈಸೂರಿನಲ್ಲಿ ನಾನು ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದ ಒಂದು ಉತ್ತರ ನೆನಪಾಯಿತು.

ಕಣ್ಣಿನ ಡಾಕ್ಟರು ಚುಕ್ಕಿಗಳ ಪುಸ್ತಕ ತೋರಿಸಿದರು. ಜಪಾನಿನ ಇಶಿಹಾರಾ ಎಂಬ ವೈದ್ಯರು 1917ರಲ್ಲಿ ಮಾಡಿದ ಪರೀಕ್ಷೆ ಅದು. ಬಣ್ಣಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿರುತ್ತದೆ. ನನಗೆ ಥಟ್ಟನೆ ಕಾಣುತ್ತಿದ್ದ ಅಂಕಿಗಳು ಅವನಿಗೆ ಬರೀ ಚುಕ್ಕಿ. ಕೆಂಪು ಹಸಿರಿನ ವ್ಯತ್ಯಾಸ ಅವನಿಗೆ ಸರಿಯಾಗಿ ತಿಳಿಯುವುದಿಲ್ಲ ಅಂದರು. ಹಾಗಾದರೆ ಇಂಗ್ಲಿಷ್ ಶಾಲೆಯಲ್ಲಿ ಹೇಗೆ ನಡೆಯುತ್ತಿತ್ತು? ಅವನೇ ಹೇಳಿದ: "ಕ್ರೇಯಾನ್ ಮೇಲೆ ಬರೆದಿರತ್ತಲ್ಲಮ್ಮ." ನಮ್ಮ ಹುಡುಗ ಓದುವುದನ್ನು ಬೇಗ ಕಲಿತಿದ್ದರ ಗುಟ್ಟು ಅದು. ಕ್ರೇಯಾನಿಗೆ ಸುತ್ತಿದ ಕಾಗದದ ಮೇಲಿನ ಹೆಸರು ಓದಿ ಎಲೆಗೆ ಹಸಿರು, ಹೂವಿಗೆ ಕೆಂಪು ಹಾಕುತ್ತಿದ್ದ. ನನ್ನ ರಟ್ಟುಗಳ ಮೇಲೆ ಯಾವ ಹೆಸರೂ ಇರಲಿಲ್ಲ. ಅವನಿಗೆ ಬಾರದೆ ಇದ್ದದ್ದು ಕನ್ನಡ ಅಲ್ಲ.

ಇದನ್ನು ವರ್ಣಾಂಧತೆ, ಬಣ್ಣಗುರುಡು ಎಂದೆಲ್ಲ ಪುಸ್ತಕಗಳಲ್ಲಿ ಬರೆಯುತ್ತಾರೆ. ಎರಡೂ ಪದ ನನಗೆ ಹಿಡಿಸುವುದಿಲ್ಲ. ಅವನು ಕುರುಡನೂ ಅಲ್ಲ, ಅವನ ಲೋಕದಲ್ಲಿ ಬಣ್ಣ ಇಲ್ಲದೆಯೂ ಇಲ್ಲ. ನೀಲಿ, ಹಳದಿ ಅವನಿಗೆ ಚೆನ್ನಾಗಿಯೇ ಕಾಣುತ್ತವೆ.

ಈಗ ಮೈಸೂರಿನ ಕಥೆಗೆ ಬರುತ್ತೇನೆ. ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡ್ರೋಸೋಫಿಲಾ ಸ್ಟಾಕ್ ಸೆಂಟರ್ ಇದೆ. ಬಗೆಬಗೆಯ ಹಣ್ಣಿನ ನೊಣಗಳನ್ನು ತಲೆಮಾರುಗಳಿಂದ ಸಾಕಿ ಕಾಪಾಡಿಕೊಂಡು ಬಂದಿರುವ ಜಾಗ. ಅಲ್ಲಿನ ಪ್ರಾಧ್ಯಾಪಕರು ನಮ್ಮ ಕಾಡುಗಳಲ್ಲಿ ಹುಡುಕಿ ಹೆಸರಿಟ್ಟ ನೊಣಗಳಲ್ಲಿ ಡ್ರೋಸೋಫಿಲಾ ಮೈಸೋರೆನ್ಸಿಸ್, ಆಗುಂಬೆನ್ಸಿಸ್, ನಾಗರಹೋಲೆನ್ಸಿಸ್ ಎಂಬವು ಇವೆ. ಮಕ್ಕಳೇ, ನಮ್ಮ ಊರುಗಳ ಹೆಸರು ಹೊತ್ತ ನೊಣಗಳು! ಅಲ್ಲಿ ಎಂ.ಎಸ್ಸಿ. ಓದಿದ ಎರಡು ವರ್ಷ ನನ್ನ ಕೈಯಲ್ಲಿ ಈಥರ್ ವಾಸನೆ ಹೋಗಲೇ ಇಲ್ಲ. ಈಥರ್ ಹಾಕಿ ನೊಣಗಳನ್ನು ಮಲಗಿಸಿ, ಅವು ಏಳುವ ಮೊದಲು ಕುಂಚದ ತುದಿಯಿಂದ ಗಂಡು ಹೆಣ್ಣು, ಬಿಳಿಗಣ್ಣು ಕೆಂಪುಗಣ್ಣು ಎಂದು ಬೇರೆ ಮಾಡಬೇಕು. ನೊಣಗಳ ಊಟವನ್ನೂ ನಾವೇ ಬೇಯಿಸಬೇಕು. ರವೆ, ಬೆಲ್ಲ, ನೀರು, ಗಟ್ಟಿಯಾಗಲು ಅಗರ್, ಬೂಷ್ಟು ಬಾರದ ಹಾಗೆ ಸ್ವಲ್ಪ ಪ್ರೊಪಿಯಾನಿಕ್ ಆಮ್ಲ. ಕೊನೆಯ ಎರಡನ್ನು ಬಿಟ್ಟರೆ ಅದು ಸತ್ಯನಾರಾಯಣ ಪೂಜೆಯ ಸಜ್ಜಿಗೆಯ ಬಡ ಸೋದರ. ಮನೆಯಲ್ಲಿ ಹುಡುಗಿಗೆ ಅಡುಗೆ ಬರುವುದಿಲ್ಲ ಅನ್ನುತ್ತಿದ್ದರು, ನನ್ನ ನೊಣಗಳು ಮಾತ್ರ ಎಂದೂ ದೂರು ಹೇಳಲಿಲ್ಲ.

ನಾನು ಬರೆದಿದ್ದ ಉತ್ತರ ಬಿಳಿಗಣ್ಣಿನ ನೊಣದ್ದು. ಹಣ್ಣಿನ ನೊಣದ ಕಣ್ಣು ಸಹಜವಾಗಿ ಇಟ್ಟಿಗೆ ಕೆಂಪು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಥಾಮಸ್ ಹಂಟ್ ಮಾರ್ಗನ್ ಅವರ ಪ್ರಯೋಗಾಲಯದಲ್ಲಿ 1910ರಲ್ಲಿ ಬಿಳಿ ಕಣ್ಣಿನ ಒಂದು ಗಂಡು ನೊಣ ಸಿಕ್ಕಿತು. ಅದನ್ನು ಕೆಂಪುಗಣ್ಣಿನ ಹೆಣ್ಣುಗಳ ಜೊತೆ ಬಿಟ್ಟರು. ಮಕ್ಕಳೆಲ್ಲ ಕೆಂಪುಗಣ್ಣು. ಬಿಳಿ ಮಾಯ! ಆದರೆ ಮೊಮ್ಮಕ್ಕಳಲ್ಲಿ ಬಿಳಿಗಣ್ಣು ಮತ್ತೆ ಬಂತು, ಬಂದದ್ದು ಗಂಡುಗಳಲ್ಲಿ ಮಾತ್ರ. ಯಾಕೆಂದರೆ ಆ ಗುಣದ ಜೀನ್ ಎಕ್ಸ್ ಕ್ರೋಮೋಸೋಮಿನ ಮೇಲಿದೆ. ಹೆಣ್ಣಿಗೆ ಎರಡು ಎಕ್ಸ್, ಒಂದು ಕೆಟ್ಟರೂ ಇನ್ನೊಂದು ಕೆಲಸ ನಡೆಸುತ್ತದೆ. ಗಂಡಿಗೆ ಒಂದೇ ಎಕ್ಸ್, ಅದೂ ಅಮ್ಮನಿಂದ ಬಂದದ್ದು. ತಾತನ ಬಿಳಿಗಣ್ಣು ಮಗಳೊಳಗೆ ಬಚ್ಚಿಟ್ಟುಕೊಂಡು ಮೊಮ್ಮಗನಲ್ಲಿ ತಲೆ ಎತ್ತುತ್ತದೆ. ಮಾರ್ಗನ್ನರ ಜೊತೆಗಾರ ಎಡ್ಮಂಡ್ ವಿಲ್ಸನ್ ಮರುವರ್ಷವೇ, 1911ರಲ್ಲಿ, ಮನುಷ್ಯರ ಕೆಂಪು ಹಸಿರಿನ ವರ್ಣಾಂಧತೆಯೂ ಇದೇ ದಾರಿಯಲ್ಲಿ ಬರುತ್ತದೆ ಎಂದು ತೋರಿಸಿದರು. ಹಾಗಾಗಿಯೇ ಇದು ಹುಡುಗರಲ್ಲಿ ಹೆಚ್ಚು. ಯೂರೋಪ್ ಮೂಲದ ಗಂಡಸರಲ್ಲಿ ಸುಮಾರು 12ಕ್ಕೆ ಒಬ್ಬರಿಗೆ ಇರುತ್ತದೆ.

ಪರೀಕ್ಷೆಯಲ್ಲಿ ಇಷ್ಟನ್ನೂ ಚಿತ್ರ ಸಮೇತ ಬರೆದಿದ್ದೆ. ಮನೆಯಲ್ಲಿ ನನ್ನ ಸ್ವಂತ ಅಣ್ಣ ಕೂತಿದ್ದ. ಕೆಂಪು ಪೆನ್ನು ತಾ ಅಂದರೆ ಹಸಿರು ತರುತ್ತಿದ್ದವನು. ಮಾಗದ ಟೊಮೇಟೊ ತಂದು ಅಮ್ಮನ ಹತ್ತಿರ ಬೈಸಿಕೊಳ್ಳುತ್ತಿದ್ದವನು. "ಗಮನ ಇಲ್ಲ, ಎಲ್ಲದರಲ್ಲೂ ಉಡಾಫೆ" ಎಂದು ಅಪ್ಪ ಅನ್ನುತ್ತಿದ್ದರು. ಒಂದು ಒಳ್ಳೆಯ ಕೆಲಸ ಕೈಗೆ ಬಂದು, ಕಣ್ಣಿನ ಪರೀಕ್ಷೆಯಲ್ಲಿ ತಪ್ಪಿತು. ಆಗಲೂ ನಮ್ಮ ಮನೆಯಲ್ಲಿ ಅದನ್ನು ಅವನ ದುರದೃಷ್ಟ ಅಂದರೇ ಹೊರತು ಕಾರಣ ಯಾರೂ ಹುಡುಕಲಿಲ್ಲ. ನೊಣದ ವಂಶವೃಕ್ಷ ಬರೆದ ನಾನೂ ಹುಡುಕಲಿಲ್ಲ. ಅಮ್ಮನ ಅಪ್ಪ, ಅಂದರೆ ನಮ್ಮ ತಾತ, ಪಂಚೆಯ ಅಂಚು ಕೆಂಪೋ ಹಸಿರೋ ಎಂದು ಅಜ್ಜಿಯನ್ನು ಕೇಳುತ್ತಿದ್ದದ್ದನ್ನು ಎಲ್ಲರೂ ತಮಾಷೆ ಎಂದುಕೊಂಡಿದ್ದರು. ತಾತ, ಅಮ್ಮ, ನಾನು, ನನ್ನ ಮಗ. ಮಾರ್ಗನ್ ಬಾಟಲಿಯಲ್ಲಿ ನೋಡಿದ್ದು ನಮ್ಮ ಮನೆಯ ಹಜಾರದಲ್ಲೇ ನಡೆದಿತ್ತು.

ಊರಿಗೆ ಫೋನ್ ಮಾಡಿ ಹೇಳಿದಾಗ ಅಮ್ಮ ಮೊದಲು ಹೇಳಿದ್ದು, "ಹೊನಗೊನ್ನೆ ಸೊಪ್ಪು ಸಿಗತ್ತೇನೇ ಅಲ್ಲಿ? ಕ್ಯಾರೆಟ್ ತುರಿದು ಕೊಡು." ನಗಬೇಡಿ, ಅಮ್ಮನ ಮಾತಿನಲ್ಲೂ ವಿಜ್ಞಾನ ಇದೆ. ಕಣ್ಣಿನಲ್ಲಿ ಬೆಳಕನ್ನು ಹಿಡಿಯುವ ಅಣುವಿಗೆ ವಿಟಮಿನ್ ಎ ಬೇಕೇ ಬೇಕು, ನಮಗೂ ಬೇಕು, ನೊಣಕ್ಕೂ ಬೇಕು. ನೈನಾ-ಬಿ ಎಂಬ ಒಂದು ಮ್ಯುಟೆಂಟ್ ನೊಣ ಇದೆ (ಮ್ಯುಟೆಂಟ್ ಅಂದರೆ ಜೀನ್‌ನಲ್ಲಿ ಬದಲಾವಣೆ ಆಗಿರುವುದು). ಕ್ಯಾರೆಟ್ಟಿನಲ್ಲಿರುವ ಬೀಟಾ ಕ್ಯಾರೋಟೀನನ್ನು ಕಣ್ಣಿಗೆ ಬೇಕಾದ ರೆಟಿನಾಲ್ ಆಗಿ ಮಾಡಿಕೊಳ್ಳಲು ಅದಕ್ಕೆ ಬರುವುದಿಲ್ಲ, ಹಾಗಾಗಿ ಮಂದವಾಗಿ ಕಾಣುತ್ತದೆ. ಆದರೆ ತಯಾರಾದ ರೆಟಿನಾಲನ್ನೇ ತಿನ್ನಿಸಿದರೆ ಅದರ ಕಣ್ಣು ಸುಧಾರಿಸುತ್ತದೆ! ಕೆಲವು ದೋಷ ಊಟದಿಂದ ಸರಿಹೋಗುತ್ತದೆ, ನಿಜ. ಪುಟ್ಟನದು ಆ ಜಾತಿಯದಲ್ಲ, ಅವನಿಗೆ ಬೆಳಕು ಹಿಡಿಯುವ ಪ್ರೋಟೀನೇ ಬೇರೆ ಥರ. ಅಮ್ಮನಿಗೆ ಇದನ್ನು ಒಪ್ಪಿಸಲು ನನ್ನಿಂದ ಆಗಲಿಲ್ಲ. ಕ್ಯಾರೆಟ್ ಕೋಸಂಬರಿ ವಾರಕ್ಕೆರಡು ಸಲ ನಡೆಯುತ್ತಿದೆ.

ಹೋದ ವರ್ಷ ಶಾಲೆಯ ಸೈನ್ಸ್ ಫೇರ್‌ಗೆ ಏನು ಮಾಡುತ್ತೀಯ ಎಂದು ಕೇಳಿದಾಗ ಪುಟ್ಟ ತಾನೇ ಹೇಳಿದ: "ನಿನ್ನ ನೊಣ." ಬಾಳೆಹಣ್ಣಿನ ತುಂಡು ಹಾಕಿದ ಜಾಡಿಗೆ ಕಾಗದದ ಲಾಳಿಕೆ ಇಟ್ಟು ಒಂದಿಷ್ಟು ನೊಣ ಹಿಡಿದೆವು. ಉದ್ದನೆಯ ಪಾರದರ್ಶಕ ಕೊಳವೆಗೆ ಅವನ್ನು ಬಿಟ್ಟು, ಮೆಲ್ಲಗೆ ತಟ್ಟಿ ಒಂದು ತುದಿಗೆ ಇಳಿಸಿ, ಇನ್ನೊಂದು ತುದಿಯಲ್ಲಿ ಟಾರ್ಚ್ ಹಿಡಿದೆವು. ಬಚ್ಚಲುಮನೆಯ ದೀಪ ಆರಿಸಿ ಬಾಗಿಲು ಹಾಕಿಕೊಂಡು ಇಬ್ಬರೂ ನೆಲದ ಮೇಲೆ ಕೂತೆವು. ಟಾರ್ಚಿನ ಮುಖಕ್ಕೆ ಬಣ್ಣದ ಜಿಲೆಟಿನ್ ಕಾಗದ. ನೀಲಿ ಹಿಡಿದರೆ ಹೆಚ್ಚುಕಡಿಮೆ ಎಲ್ಲವೂ ಬೆಳಕಿನ ಕಡೆ ಓಡಿದವು. ಹಸಿರಿಗೂ ಬಂದವು. ಕೆಂಪಿಗೆ? ದೀಪವೇ ಹಚ್ಚಿಲ್ಲವೇನೋ ಅನ್ನುವ ಹಾಗೆ ಕೊಳವೆಯ ಉದ್ದಕ್ಕೂ ಅಲೆದಾಡಿಕೊಂಡು ಇದ್ದವು.

"ಇವಕ್ಕೂ ನನ್ನ ಹಾಗೇನಾ? ಕೆಂಪು ಕಾಣಲ್ವಾ?" ಕತ್ತಲಲ್ಲಿ ಅವನ ದನಿಯಲ್ಲಿ ಇದ್ದ ಖುಷಿ ನನಗೆ ಇನ್ನೂ ಕೇಳಿಸುತ್ತದೆ. ಹಾಗೇ ಅಂದುಬಿಡೋಣ ಅನ್ನಿಸಿತು. ಆದರೆ ಅದು ಸುಳ್ಳಾಗುತ್ತಿತ್ತು. ಪುಟ್ಟನಿಗೆ ಕೆಂಪು ದೀಪ ಕಾಣುತ್ತದೆ, ಅದು ಹಸಿರಿಗಿಂತ ಬೇರೆ ಎಂದು ತಿಳಿಯುವುದು ಕಷ್ಟ, ಅಷ್ಟೇ. ನೊಣಕ್ಕೆ ಕಡುಗೆಂಪು ಬೆಳಕು ಬಹುಪಾಲು ಕತ್ತಲೆಯೇ. ಅದಕ್ಕೇ ನೊಣಗಳ ಪ್ರಯೋಗಾಲಯದಲ್ಲಿ, ಅವಕ್ಕೆ ಗೊತ್ತಾಗದ ಹಾಗೆ ಕೆಲಸ ಮಾಡಬೇಕಾದರೆ, ಕೆಂಪು ದೀಪ ಹಾಕಿಕೊಳ್ಳುತ್ತಾರೆ. ಅದರ ಬದಲಿಗೆ ನಮಗೆ ಕಾಣದ ಅತಿನೇರಳೆ ಬೆಳಕು ನೊಣಕ್ಕೆ ಚೆನ್ನಾಗಿ ಕಾಣುತ್ತದೆ. "ಹಾಗಾದರೆ ನಿನಗೂ ಏನೋ ಒಂದು ಕಾಣಲ್ಲ" ಅಂದ. ಹೌದಪ್ಪ, ಕಾಣಲ್ಲ.

ಒಂದು ನೊಣ ಮಾತ್ರ ಯಾವ ಬಣ್ಣ ಹಿಡಿದರೂ ಬೆಳಕಿಗೆ ಬೆನ್ನು ಮಾಡಿ ಕತ್ತಲ ತುದಿಗೇ ನಡೆಯುತ್ತಿತ್ತು. "ಇದು ಕುರುಡು" ಅಂದೆ ನಾನು. ಅವನು ಭೂತಗನ್ನಡಿ ಹಿಡಿದು ನೋಡಿ, "ಇಲ್ಲಮ್ಮ, ಇದರ ರೆಕ್ಕೆ ಬಾಳೆಹಣ್ಣಿಗೆ ಅಂಟಿಕೊಂಡು ಮುದುರಿದೆ" ಅಂದ. ನನಗೆ ನಂಬಿಕೆ ಬರಲಿಲ್ಲ, ರೆಕ್ಕೆಗೂ ಬೆಳಕಿಗೂ ಏನು ಸಂಬಂಧ? ಆಮೇಲೆ ಓದಿ ನೋಡಿದರೆ ಹುಡುಗ ಹೇಳಿದ್ದೇ ಸರಿ ಇರಬಹುದು. ರೆಕ್ಕೆ ಕತ್ತರಿಸಿದ ನೊಣಗಳಿಗೆ ಬೆಳಕಿನ ಸೆಳೆತ ಹೋಗುತ್ತದೆ ಎಂದು ಮೆಕ್‌ಯುವೆನ್ ಎಂಬವರು 1918ರಲ್ಲೇ ಬರೆದಿದ್ದರು. 2016ರಲ್ಲಿ ಜರ್ಮನಿಯ ವಿಜ್ಞಾನಿಗಳು ರೆಕ್ಕೆಗಳನ್ನು ಅಂಟಿನಿಂದ ಅಂಟಿಸಿ ನೋಡಿದರು. ಹಾರಲಾರದ ನೊಣ ಕತ್ತಲನ್ನು ಆರಿಸಿಕೊಂಡಿತು. ಅಂಟು ಬಿಡಿಸಿದ ಮೇಲೆ ಅದೇ ನೊಣ ಮತ್ತೆ ಬೆಳಕಿಗೆ ಹೋಯಿತು. ಅಂದರೆ ನೊಣ ಬೆಳಕಿಗೆ ಓಡುವುದು ಕಣ್ಣು ಎಳೆದ ಕಡೆ ಕಾಲು ಹೋಗುವ ಯಂತ್ರದ ಆಟ ಅಲ್ಲ. ನನಗೆ ಈಗ ಹಾರಲು ಆಗುತ್ತದೋ ಇಲ್ಲವೋ ಎಂದು ಅದರ ಪುಟ್ಟ ಮೆದುಳು ಲೆಕ್ಕ ಹಾಕುತ್ತದೆ. ಬೆಳಕಿಗೆ ಬಾರದ್ದನ್ನೆಲ್ಲ ಕುರುಡು ಎಂದು ನಾನು ಎರಡನೇ ಸಲ ತಪ್ಪು ತೀರ್ಮಾನ ಮಾಡಿದ್ದೆ.

ನಿಜವಾಗಿ ಕುರುಡಾದ ನೊಣಗಳ ಕಥೆ ನಮ್ಮ ಪಕ್ಕದ ರಾಜ್ಯದ್ದು. ಇಲ್ಲಿಂದ ಕಾರಿನಲ್ಲಿ ಸುಮಾರು ಐದು ಗಂಟೆ ಹೋದರೆ ಇಂಡಿಯಾನಾದ ವೆಸ್ಟ್ ಲಫಯೆಟ್, ಪರ್ಡ್ಯೂ ವಿಶ್ವವಿದ್ಯಾಲಯ. ನಮ್ಮ ಕನ್ನಡದ ಹುಡುಗರು ಎಷ್ಟೋ ಜನ ಅಲ್ಲಿ ಓದಿದ್ದಾರೆ. ಅಲ್ಲಿದ್ದ ವಿಲಿಯಂ ಪಾಕ್ ಮೂಲತಃ ಭೌತವಿಜ್ಞಾನಿ. ಕಣ್ಣಿಗೆ ಬಿದ್ದ ಬೆಳಕು ವಿದ್ಯುತ್ ಸಂಕೇತವಾಗುವುದು ಹೇಗೆ ಎನ್ನುವುದು ಅವರ ಪ್ರಶ್ನೆ. ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಒಂದೊಂದು ಭಾಗ ಕೆಟ್ಟ ಯಂತ್ರಗಳನ್ನು ನೋಡುವುದು ಒಳ್ಳೆಯ ಉಪಾಯ. ನೊಣಗಳಲ್ಲಿ ರಾಸಾಯನಿಕದಿಂದ ಮ್ಯುಟೇಷನ್ ತಂದು, ಬೆಳಕಿಗೆ ಬಾರದವನ್ನು ಆರಿಸಿ, ಕೂದಲೆಳೆಯಂಥ ಎಲೆಕ್ಟ್ರೋಡನ್ನು ನೊಣದ ಕಣ್ಣಿಗೆ ತಾಗಿಸಿ, ದೀಪ ಮಿನುಗಿಸಿ ನೋಡುತ್ತಿದ್ದರು. ಕಣ್ಣು ನೋಡಲು ಸರಿಯಾಗಿಯೇ ಇರುತ್ತಿತ್ತು, ಕೆಲವದರಲ್ಲಿ ಸಂಕೇತವೇ ಏಳುತ್ತಿರಲಿಲ್ಲ. ಅಂಥ ಒಂದಕ್ಕೆ ನಾರ್ಪ್-ಎ ಎಂದು ಹೆಸರಾಯಿತು. 1969ರಲ್ಲಿ ಪಾಕ್ ಅವರ ಗುಂಪೂ, ಕ್ಯಾಲಿಫೋರ್ನಿಯಾದ ಸೀಮೋರ್ ಬೆಂಜರ್ ಅವರ ಗುಂಪೂ ಇಂಥ ನೊಣಗಳ ಬಗ್ಗೆ ಪ್ರಕಟಿಸಿದವು. ನಾರ್ಪ್-ಎ ನೊಣದಲ್ಲಿ ಕೆಟ್ಟದ್ದು ಏನು ಎಂದು ಜೀನ್ ಹಿಡಿದು ಹೇಳಲು 1988ರ ತನಕ ಕಾಯಬೇಕಾಯಿತು. ಬೆಳಕಿನ ಸುದ್ದಿಯನ್ನು ಜೀವಕೋಶದ ಒಳಗೆ ಮುಂದಕ್ಕೆ ದಾಟಿಸುವ ಒಂದು ಕಿಣ್ವ ಅದರಲ್ಲಿ ಇಲ್ಲ. ದೀಪ ಇದೆ, ಸ್ವಿಚ್ ಇದೆ, ನಡುವಿನ ತಂತಿ ಇಲ್ಲ.

ಇನ್ನೊಂದು ಮ್ಯುಟೆಂಟ್ ಪುಟ್ಟನ ಮೆಚ್ಚಿನದು, ಟಿ.ಆರ್.ಪಿ. ಟಿವಿಯ ಟಿ.ಆರ್.ಪಿ. ಅಲ್ಲ! ಜೋರು ಬೆಳಕು ಬಿದ್ದರೆ ಈ ನೊಣಕ್ಕೆ ಮೊದಲು ಕಾಣುತ್ತದೆ, ಕೆಲವೇ ಕ್ಷಣದಲ್ಲಿ ಸಂಕೇತ ಇಳಿದುಹೋಗಿ ಕುರುಡಾದ ಹಾಗೆ ನಡೆದುಕೊಳ್ಳುತ್ತದೆ. ಅದರಲ್ಲಿ ಕೆಟ್ಟಿರುವುದು ಜೀವಕೋಶದ ಗೋಡೆಯಲ್ಲಿರುವ ಒಂದು ಸಣ್ಣ ಬಾಗಿಲು. ಇದೇ ಮನೆತನದ ಬಾಗಿಲುಗಳು ನಮ್ಮ ಮೈಯಲ್ಲೂ ಇವೆ ಎಂದು ಆಮೇಲೆ ತಿಳಿಯಿತು. ಮೆಣಸಿನಕಾಯಿ ಕಚ್ಚಿದರೆ ನಾಲಿಗೆ ಉರಿಯುವುದು ಅಂಥ ಒಂದು ಬಾಗಿಲು ತೆರೆದುಕೊಳ್ಳುವುದರಿಂದ. ಅದನ್ನು ಡೇವಿಡ್ ಜೂಲಿಯಸ್ 1997ರಲ್ಲಿ ಗುರುತಿಸಿದರು, 2021ರಲ್ಲಿ ಅವರಿಗೆ ನೊಬೆಲ್ ಬಂತು. ಕಣ್ಣು ಮಂಜಾದ ನೊಣದಿಂದ ಶುರುವಾದ ದಾರಿ ನಮ್ಮ ಸಾರಿನ ಪುಡಿಯ ಡಬ್ಬಿಗೆ ಬಂದು ಮುಟ್ಟಿತು.

ನೊಣದ ಒಂದು ಕಣ್ಣಿನಲ್ಲಿ ಸುಮಾರು 750 ಪುಟ್ಟ ಕಣ್ಣುಗಳು, ಒಂದೊಂದರಲ್ಲೂ ಬೆಳಕು ಹಿಡಿಯುವ 8 ಕೋಶಗಳು. ಏಳನೆಯದು ಇಲ್ಲದ ಮ್ಯುಟೆಂಟಿಗೆ ಸೆವೆನ್‌ಲೆಸ್ ಎಂದು ಹೆಸರು. ಏಳನೆಯ ಕೋಶ ಅತಿನೇರಳೆಯನ್ನು ನೋಡುವ ಕೋಶ. ಅತಿನೇರಳೆ ಮತ್ತು ಹಸಿರು ಎರಡನ್ನೂ ಎದುರಿಗಿಟ್ಟರೆ ಸಾಮಾನ್ಯ ನೊಣ ಅತಿನೇರಳೆಗೆ ಹೋಗುತ್ತದೆ, ಸೆವೆನ್‌ಲೆಸ್ ಹಸಿರಿಗೆ ಹೋಗುತ್ತದೆ. ಅದು ನಿಂತಲ್ಲೇ ನಿಲ್ಲುವುದಿಲ್ಲ, ತನಗೆ ಕಂಡದ್ದರಲ್ಲಿ ಒಳ್ಳೆಯದನ್ನು ಆರಿಸಿಕೊಳ್ಳುತ್ತದೆ. ನಮ್ಮ ಬಿಳಿಗಣ್ಣಿನ ನೊಣದ ಕಷ್ಟ ಇನ್ನೊಂದು ಬಗೆಯದು. ಕಣ್ಣಿನ ಕೆಂಪು ಬಣ್ಣ ಅಲಂಕಾರಕ್ಕೆ ಇರುವುದಲ್ಲ. ಪಕ್ಕದ ಪುಟ್ಟ ಕಣ್ಣಿನಿಂದ ಬೆಳಕು ಸೋರದಂತೆ ತಡೆಯುವ ಪರದೆ ಅದು. ಪರದೆ ಇಲ್ಲದ ಬಿಳಿಗಣ್ಣಿಗೆ ಬೆಳಕು ಧಾರಾಳ, ಚಿತ್ರ ಮಾತ್ರ ಕಲಸಿಹೋಗುತ್ತದೆ. ಹಿಮ ಬಿದ್ದ ಮರುದಿನ ಬಿಸಿಲು ಬಂದರೆ ಕನ್ನಡಕ ಇಲ್ಲದೆ ಹೊರಗೆ ಹೋದ ನಮ್ಮ ಹಾಗೆ. "ಬಿಳಿ ಕಣ್ಣಿಗೆ ಎಲ್ಲ ಬಿಳಿಯಾಗಿ ಕಾಣತ್ತಾ?" ಎಂದು ಪುಟ್ಟ ಕೇಳಿದ್ದ. ಅವನ ಪ್ರಶ್ನೆ ನನ್ನ ಎಂ.ಎಸ್ಸಿ. ಪ್ರಶ್ನೆಪತ್ರಿಕೆಯಲ್ಲಿ ಇರಬೇಕಾಗಿತ್ತು.

ಮತ್ತೆ ಕಲಿಕೆ? ಟೀಚರಾದ ನನಗೆ ಅದೇ ಮುಖ್ಯ. ನೊಣಗಳೂ ಕಲಿಯುತ್ತವೆ. 1974ರಲ್ಲಿ ಬೆಂಜರ್ ಅವರ ಪ್ರಯೋಗಾಲಯದಲ್ಲಿ ಒಂದು ವಾಸನೆ ಬಂದಾಗಲೆಲ್ಲ ಸಣ್ಣ ಶಾಕ್ ಕೊಟ್ಟು, ನೊಣಗಳು ಆ ವಾಸನೆಯಿಂದ ದೂರ ಇರಲು ಕಲಿಯುತ್ತವೆ ಎಂದು ತೋರಿಸಿದರು. ಬಣ್ಣದ ಜೊತೆಗೂ ಹೀಗೆ ಮಾಡಬಹುದು. ಹಸಿರು ದೀಪ ಉರಿಯುವಾಗ ಸಕ್ಕರೆ ಕೊಟ್ಟು, ನೀಲಿ ಉರಿಯುವಾಗ ಏನೂ ಕೊಡದೆ ಇದ್ದರೆ, ಆಮೇಲೆ ನೊಣಗಳು ಹಸಿರಿನ ಕಡೆಗೆ ಹೆಚ್ಚು ಹೋಗುತ್ತವೆ. ನಾರ್ಪ್-ಎ ಕುರುಡು ನೊಣಕ್ಕೆ ಈ ಬಣ್ಣದ ಪಾಠ ತಲೆಗೆ ಹತ್ತುವುದಿಲ್ಲ. ಹಾಗಂತ ಅದು ದಡ್ಡ ನೊಣ ಅಲ್ಲ, ವಾಸನೆಯ ಪಾಠ ಕೊಟ್ಟರೆ ಕಲಿಯುತ್ತದೆ. ಕಣ್ಣೂ ಮೂಗೂ ಚೆನ್ನಾಗಿದ್ದು ವಾಸನೆಯ ಪಾಠವನ್ನು ನೆನಪಿಡಲಾಗದ ನೊಣ ಬೇರೆ ಇದೆ, ಅದಕ್ಕೆ ಡನ್ಸ್, ಅಂದರೆ ದಡ್ಡ, ಎಂದೇ ಹೆಸರು. ವಿಜ್ಞಾನಿಗಳು ನೊಣವನ್ನು ದಡ್ಡ ಅನ್ನುವ ಮೊದಲು ಅದಕ್ಕೆ ಕಾಣುತ್ತದೆಯೋ, ವಾಸನೆ ಬರುತ್ತದೆಯೋ, ನಡೆಯಲು ಆಗುತ್ತದೆಯೋ ಎಂದು ಒಂದೊಂದಾಗಿ ಪರೀಕ್ಷೆ ಮಾಡುತ್ತಾರೆ. ಇದನ್ನು ಓದಿದ ರಾತ್ರಿ ಕಾರಿನಲ್ಲಿ ಬೈದದ್ದು ನೆನಪಾಗಿ ನಿದ್ದೆ ಬರಲಿಲ್ಲ.

ಅದೇ ಕುರುಡು ನೊಣದ ಬಗ್ಗೆ ಇನ್ನೊಂದು ಸೋಜಿಗ ಇದೆ. ಅದಕ್ಕೆ ಹಗಲು ರಾತ್ರಿ ಗೊತ್ತು. ಕಣ್ಣು ಸುದ್ದಿ ಕೊಡದಿದ್ದರೂ, ಅದರ ಮೆದುಳಿನ ಗಡಿಯಾರದ ಕೋಶಗಳಲ್ಲಿ ಕ್ರಿಪ್ಟೋಕ್ರೋಮ್ ಎಂಬ ಪ್ರೋಟೀನ್ ಇದ್ದು, ತಲೆಯೊಳಗೆ ಇಳಿದ ನೀಲಿ ಬೆಳಕನ್ನು ತಾನೇ ಹಿಡಿಯುತ್ತದೆ. ನೊಣಕ್ಕೆ ಹಗಲು ರಾತ್ರಿಯ ಅರಿವು ಪೂರ್ತಿ ತಪ್ಪಬೇಕಾದರೆ ಕಣ್ಣಿನ ದಾರಿಗಳೂ ಮುಚ್ಚಬೇಕು, ಈ ಪ್ರೋಟೀನೂ ಕೆಡಬೇಕು. ಜೂನ್‌ನಲ್ಲಿ ರಾತ್ರಿ ಒಂಬತ್ತಾದರೂ ಸೂರ್ಯ ಮುಳುಗದ ನಮ್ಮ ಮಿಶಿಗನ್‌ನಲ್ಲಿ ಮಕ್ಕಳನ್ನು ಮಲಗಿಸುವ ಕಷ್ಟ, ಬೆಂಗಳೂರಿನಿಂದ ಬಂದ ಮೇಲೆ ವಾರವಿಡೀ ನಡುರಾತ್ರಿ ಎದ್ದು ಕೂರುವ ಕಷ್ಟ, ಇದೆಲ್ಲದರ ಹಿಂದೆ ನಮ್ಮಲ್ಲೂ ಇಂಥದೇ ಗಡಿಯಾರ ಇದೆ. ನೊಣದ ಗಡಿಯಾರದ ಕೆಲಸಕ್ಕೆ 2017ರಲ್ಲಿ ನೊಬೆಲ್ ಬಂದದ್ದು ಹಲವರಿಗೆ ನೆನಪಿರಬಹುದು.

ಇದೆಲ್ಲ ಅಮೆರಿಕದ್ದೇ ಕೆಲಸ ಎಂದು ಮಕ್ಕಳು ತಿಳಿಯಬಾರದು. ಬೆಂಜರ್ ಜೊತೆ ಕೆಲಸ ಮಾಡಿ, ಬಿಸಿ ಏರಿದರೆ ನಿಶ್ಚಲವಾಗಿ ಬೀಳುವ ಮ್ಯುಟೆಂಟ್ ನೊಣಗಳ ನರಗಳನ್ನು ಪರೀಕ್ಷಿಸಿದ ಒಬೈದ್ ಸಿದ್ದಿಕಿ ಅವರೇ ಬೆಂಗಳೂರಿನ ಜಿ.ಕೆ.ವಿ.ಕೆ. ಆವರಣದಲ್ಲಿರುವ ಎನ್.ಸಿ.ಬಿ.ಎಸ್. ಸಂಸ್ಥೆಯನ್ನು ಕಟ್ಟಿದವರು. ಅವರೂ ಅವರ ಶಿಷ್ಯೆ ವೆರೋನಿಕಾ ರಾಡ್ರಿಗಸ್ ಅವರೂ ನೊಣದ ರುಚಿ ಮತ್ತು ವಾಸನೆಯ ಮೇಲೆ ಮಾಡಿದ ಕೆಲಸ ಜಗತ್ತಿಗೇ ಗೊತ್ತು. ಈಗ ಅದೇ ಸಂಸ್ಥೆಯಲ್ಲಿ ರಘು ಪದಿಂಜಾಟ್ ಅವರ ಗುಂಪು ನೊಣದ ಕಣ್ಣಿನ ಕೋಶಗಳನ್ನು ಇಟ್ಟುಕೊಂಡು, ನಾರ್ಪ್-ಎ ಕೆಟ್ಟರೆ ಕಡಿದುಹೋಗುವ ಆ ತಂತಿಯ ಸುತ್ತಮುತ್ತಲಿನ ರಸಾಯನವನ್ನೇ ಬಿಡಿಸುತ್ತಿದೆ. ಮುಂದಿನ ಸಲ ಊರಿಗೆ ಹೋದಾಗ ಹೆಬ್ಬಾಳದ ಕಡೆ ಹಾದು ಹೋದರೆ ಮಕ್ಕಳಿಗೆ ತೋರಿಸಿ.

ಸೈನ್ಸ್ ಫೇರ್‌ನಲ್ಲಿ ಪುಟ್ಟನಿಗೆ ಬಹುಮಾನ ಬರಲಿಲ್ಲ. ಜ್ವಾಲಾಮುಖಿ ಮಾಡಿದ ಹುಡುಗನಿಗೆ ಬಂತು. (ಪ್ರತಿ ವರ್ಷ ಒಂದು ಜ್ವಾಲಾಮುಖಿ ಇದ್ದೇ ಇರುತ್ತದೆ.) ನನ್ನ ಬಣ್ಣದ ರಟ್ಟುಗಳ ಕೆಳಗೆ ಈಗ ದಪ್ಪ ಕನ್ನಡ ಅಕ್ಷರದಲ್ಲಿ ಹೆಸರು ಇದೆ. ಆ ಅಕ್ಷರಗಳನ್ನು ಬರೆದವನು ಪುಟ್ಟ. ಅವನ ತರಗತಿಯಲ್ಲಿ ಈಗ ಅವನದೇ ಚೆನ್ನಾದ ಕನ್ನಡ ಕೈಬರಹ. ಕಾರಿನಲ್ಲಿ ಬೈದದ್ದಕ್ಕೆ ನಾನು ಕ್ಷಮೆ ಕೇಳಿದ್ದು ತೀರ ತಡವಾಗಿ, ಆ ಬಚ್ಚಲುಮನೆಯ ಕತ್ತಲಲ್ಲಿ, ನೊಣಗಳ ಎದುರಿಗೆ. "ಅದಾ? ನನಗೆ ಮರೆತೇ ಹೋಗಿತ್ತು" ಅಂದ. ಮರೆತಿರಲಿಲ್ಲ ಎಂದು ನನಗೆ ಗೊತ್ತು.

ಹೋದ ಭಾನುವಾರ ಅಣ್ಣ ವಿಡಿಯೋ ಕಾಲ್ ಮಾಡಿದ್ದ. ದೇವರಾಜ ಮಾರ್ಕೆಟ್‌ನಲ್ಲಿ ನಿಂತು, ಮೆಣಸಿನಕಾಯಿ ಅಂಗಡಿಯ ಮುಂದೆ. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ ಎಂದು ಅಮ್ಮ ಪಟ್ಟಿ ಕೊಟ್ಟು ಕಳಿಸಿದ್ದರಂತೆ. ಫೋನನ್ನು ರಾಶಿಗಳ ಕಡೆ ತಿರುಗಿಸಿ, "ನೋಡೋ, ಇದರಲ್ಲಿ ಯಾವುದು ಹೆಚ್ಚು ಕೆಂಪು ಹೇಳು ನೋಡೋಣ" ಅಂದ.

"ಮಾವ, ನನ್ನ ಕೇಳ್ತೀಯಲ್ಲ! ನನಗೆ ಎರಡೂ ಒಂದೇ ಥರ."

"ನಂಗೂ ಹಂಗೇ ಕಣೋ. ಅದಕ್ಕೇ ಬ್ಯಾಡಗಿ ಅಂದ್ರೆ ಮೈ ಸುಕ್ಕುಸುಕ್ಕಾಗಿ ಇರತ್ತೆ, ಗುಂಟೂರು ನುಣ್ಣಗಿರತ್ತೆ, ಮುಟ್ಟಿ ನೋಡ್ತೀನಿ."

"ಸೇಬಿನ ತೋಟದಲ್ಲಿ ನಾನೂ ಮುಟ್ಟಿಯೇ ನೋಡಿದ್ದು" ಅಂದ ಪುಟ್ಟ. ಆಮೇಲೆ ಅರ್ಧ ಗಂಟೆ ಮಾವ, ಸೋದರಳಿಯ ಇಬ್ಬರೂ ಯಾವ ಯಾವ ಬಣ್ಣಕ್ಕೆ ಏನೇನು ಉಪಾಯ ಮಾಡುತ್ತೇವೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಿದ್ದರು, ಪೂರ್ತಿ ಕನ್ನಡದಲ್ಲಿ. ನಾನು ನಡುವೆ ಬಾಯಿ ಹಾಕಲು ಹೋದರೆ ಪುಟ್ಟ ಕೈ ಅಡ್ಡ ಹಿಡಿದು, "ಅಮ್ಮ, ನಿನಗೆ ಇದು ಗೊತ್ತಾಗಲ್ಲ, ಸುಮ್ನಿರು" ಅಂದ.